ಸೋಮಾರಿಗಳ ದಿನ

ಜುಲೈ 6

ಪ್ರೀತಿಯ ಚಿಪ್ಪಿ,

ನೀನು ಕೃಷಿ ಕಾಲೇಜು ಸೇರಿ ವರ್ಷವಾಯಿತು. ಫೋನು ಮಾಡಿದರೆ ನೀನು "ಹೂಂ ಟೀಚರ್" ಅನ್ನುತ್ತಿದ್ದೆ, ನಾನು "ಮತ್ತೇನಮ್ಮ" ಅನ್ನುತ್ತಿದ್ದೆ, ನೀನು ಮತ್ತೆ "ಹೂಂ" ಅನ್ನುತ್ತಿದ್ದೆ. ಈಚೆಗೆ ಅದೂ ಇಲ್ಲ, ಬರೀ ಗಂಟೆ ಹೊಡೆದುಕೊಂಡು ಸುಮ್ಮನಾಗುತ್ತದೆ. ಅದಕ್ಕೇ ಹಾಸ್ಟೆಲಿನ ವಿಳಾಸಕ್ಕೆ ಈ ಕಾಗದ. ಬರೀ ಹೂಂ ಎಂದು ಬರೆದು ಅಂಚೆಚೀಟಿ ಅಂಟಿಸಲು ಯಾರಿಗಾದರೂ ನಾಚಿಕೆಯಾಗುತ್ತದೆ.

ಇಲ್ಲಿನ ಸುದ್ದಿ ಕೇಳು. ಹೈಸ್ಕೂಲಿನ ಆಡಳಿತ ಸಮಿತಿಗೆ ಹೊಸ ಅಧ್ಯಕ್ಷರು ಬಂದಿದ್ದಾರೆ. ಶುಚಿಯಾದ ಮನುಷ್ಯ. ಬೂಟು ಕೊಳೆಯಾದೀತೆಂದು ನಮ್ಮ ಕೃಷಿ ಕೊಠಡಿಯ ಹೊಸ್ತಿಲಲ್ಲೇ ನಿಂತು ಇಣುಕಿದರು. "ಹೈಸ್ಕೂಲಲ್ಲಿ ಗೊಬ್ಬರ ತಿರುವಿ ಹಾಕಿ ಇಲ್ಲೀವರೆಗೂ ಯಾರೇನಾಗಿದಾರೆ ಟೀಚರ್?" ಎಂದು ನಗುತ್ತಲೇ ಕೇಳಿದರು. ಕೃಷಿ ತರಗತಿಯನ್ನು ತೆಗೆದುಹಾಕಿ, ಆ ಅವಧಿಯನ್ನೂ ಕೊಠಡಿಯನ್ನೂ ಪ್ರವೇಶ ಪರೀಕ್ಷೆಯ ತರಬೇತಿಗೆ ಕೊಡಬೇಕೆಂಬುದು ಅವರ ಯೋಚನೆ. ಮುಂದಿನ ಸಭೆಯಲ್ಲಿ ತೀರ್ಮಾನವಾಗುತ್ತದಂತೆ.

ನಾನೂ ಬೆರಳು ಮಡಚಿ ನೋಡಿದೆ. ಒಬ್ಬ ಲಾರಿ ಓಡಿಸುತ್ತಾನೆ. ಒಬ್ಬಳು ಹೂವಿನ ಸಸಿ ಮಾರುತ್ತಾಳೆ, ಚೆನ್ನಾಗಿಯೇ ಇದ್ದಾಳೆ. ಒಬ್ಬ ನೀರಿನ ಪಂಪು ರಿಪೇರಿ ಮಾಡುತ್ತಾನೆ, ಆದರೆ ತರಗತಿಯಲ್ಲಿ ಅವನು ಕೆಡಿಸಿಟ್ಟ ಪಂಪು ಇನ್ನೂ ಹಾಗೇ ಬಿದ್ದಿದೆ. ಕೃಷಿಯನ್ನೇ ಓದಲು ಕಾಲೇಜಿನ ಮೆಟ್ಟಿಲು ಹತ್ತಿದವಳು ನೀನೊಬ್ಬಳೇ. ಅದಕ್ಕೇ ನಿನ್ನಿಂದ ಒಂದು ಪುಟ ಬೇಕು. ಹೈಸ್ಕೂಲಿನ ಕೃಷಿ ಪಾಠ ನಿನ್ನನ್ನು ಕಾಲೇಜಿಗೆ, ಮುಂದಿನ ಕೆಲಸಕ್ಕೆ ಹೇಗೆ ಸಿದ್ಧ ಮಾಡಿತು ಎಂದು ಬರೆದು ಕಳಿಸು. ಸಭೆಯಲ್ಲಿ ನಾನು ಅದನ್ನು ಓದಬೇಕು. ಉಬ್ಬಿಸಿ ಬರೆಯಬೇಡ, ನಿನಗೆ ಉಬ್ಬಿಸಲು ಬರುವುದೂ ಇಲ್ಲ.

ಈ ವರ್ಷದ ಮೊದಲ ಕಾವು ಮೊನ್ನೆ ಮುಗಿಯಿತು. ಇಪ್ಪತ್ತೊಂದನೆಯ ದಿನ ಬರಬೇಕಾದ ಕೋಳಿಮರಿಗಳೆಲ್ಲ ಬಂದವು. ನಮ್ಮ ಪದ್ಧತಿಯಂತೆ ಮರುದಿನ ಸೋಮಾರಿಗಳ ದಿನ. ಒಡೆಯದೆ ಉಳಿದ ಮೊಟ್ಟೆಗಳಿಗಾಗಿ ಕಾವು ಪೆಟ್ಟಿಗೆಯನ್ನು ಆರಿಸದೆ ಬಿಟ್ಟೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು "ಕರೆಂಟು ದಂಡ ಅಲ್ವಾ ಟೀಚರ್" ಎಂದಳು. ನೀನೂ ಮೊದಲ ವರ್ಷ ಇದನ್ನೇ ಕೇಳಿದ್ದೆ. ಆಮೇಲೆ ಆಟದ ಅವಧಿಯಿಡೀ ಪೆಟ್ಟಿಗೆಯ ಗಾಜಿಗೆ ಮೂಗು ಒತ್ತಿಕೊಂಡು ಕೂತೆ. ಒಂದೇ ಒಂದು ಮರಿ ಬಂತು. ಅದರ ಚಿಪ್ಪನ್ನು ಲಂಗದ ಜೇಬಿನಲ್ಲಿಟ್ಟುಕೊಂಡು ವಾರವೆಲ್ಲ ಓಡಾಡಿದೆ, ಹೆಸರು ಅಂಟಿಕೊಂಡಿತು.

ಅಂತೂ ಬೇಗ ಬರೆ.

ನಿನ್ನ,
ಗೊಬ್ಬರದ ಟೀಚರ್

(ನೀವೆಲ್ಲ ಬೆನ್ನ ಹಿಂದೆ ಕರೆಯುತ್ತಿದ್ದುದು ಕೇಳಿಸುತ್ತಿರಲಿಲ್ಲ ಅಂದುಕೊಂಡಿದ್ದೆಯಾ?)


ಆಗಸ್ಟ್ 19

ಟೀಚರ್‌ಗೆ ನಮಸ್ಕಾರ.

ನಿಮ್ಮ ಕಾಗದ ತಡವಾಗಿ ಸಿಕ್ಕಿತು. ಹಾಸ್ಟೆಲಿಗೆ ಬಂದಿದ್ದನ್ನು ಜೊತೆಯ ಹುಡುಗಿ ಇಲ್ಲಿಗೆ ಕಳಿಸಿದಳು. ನಾನು ಈಗ ಕೋಳಿಮರಿ ಮಾಡಿಸುವ ಒಂದು ಹ್ಯಾಚರಿಯಲ್ಲಿದ್ದೇನೆ. ತರಬೇತಿ. ಇನ್ನು ಮುಂದೆ ಮೇಲಿನ ವಿಳಾಸಕ್ಕೇ ಬರೆಯಿರಿ. ಒಳಗೆ ಫೋನು ತರಬಾರದೆಂದು ನಿಯಮ.

ನಮ್ಮ ಪೆಟ್ಟಿಗೆ ಒಂದು ಬೆಂಚಿನ ಮೇಲೆ ಕೂರುತ್ತಿತ್ತು. ಇಲ್ಲಿನ ಕಾವು ಪೆಟ್ಟಿಗೆಗಳ ಒಳಗೆ ಗಾಡಿ ತಳ್ಳಿಕೊಂಡು ಹೋಗಬಹುದು. ನೆಲ, ಗೋಡೆ, ನಮ್ಮ ಕೋಟು, ಟೋಪಿ, ರಬ್ಬರ್ ಬೂಟು ಎಲ್ಲ ಬಿಳಿ. ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ ಇದೆ, ಅದರಲ್ಲಿ ಕಾಲದ್ದಿಯೇ ಒಳಗೆ ಬರಬೇಕು. ಎಲ್ಲಿಯೂ ವಾಸನೆಯಿಲ್ಲ. ಯಂತ್ರಗಳು ಒಂದೇ ಸಮನೆ ಗುಂಯ್ ಅನ್ನುತ್ತವೆ, ಸ್ವಲ್ಪ ದಿನದ ಮೇಲೆ ಅದು ಕೇಳಿಸುವುದಿಲ್ಲ.

ನನ್ನನ್ನು ಮೊಟ್ಟೆ ಬೆಳಕಿಗೆ ಹಿಡಿಯುವ ಕಡೆ ಹಾಕಿದ್ದಾರೆ. ಜೀವ ಇರುವುದು ಈ ಕಡೆ, ಇಲ್ಲದ್ದು ಆ ಕಡೆ. ಮೊದಲ ದಿನವೇ ಬೇಗ ಮಾಡಿದೆ. ಯಾರು ಕಲಿಸಿದರು ಎಂದು ಕೇಳಿದರು. ಹೈಸ್ಕೂಲಿನಲ್ಲಿ ಅಂದೆ. ನಕ್ಕರು.

ಸಮಿತಿಗೆ ಬರೆದುಕೊಡುತ್ತೇನೆ. ಸ್ವಲ್ಪ ಸಮಯ ಬೇಕು. ತಡವಾದರೆ ಬೇರೆ ಯಾರನ್ನಾದರೂ ಕೇಳಿ.

ಅಮ್ಮನಿಗೆ ಈ ತರಬೇತಿಯ ವಿಷಯ ಹೇಳಬೇಡಿ. ಸುಮ್ಮನೆ ತಲೆ ಕೆಡಿಸಿಕೊಳ್ಳುತ್ತಾಳೆ. ನಾನು ಚೆನ್ನಾಗಿದ್ದೇನೆ.

ಚಿಪ್ಪಿ


ಸೆಪ್ಟೆಂಬರ್ 2

ಪ್ರೀತಿಯ ಚಿಪ್ಪಿ,

ನಿನ್ನ ಕಾಗದ ಓದಿದೆ. ಎರಡು ಸಲ.

ನಮ್ಮ ಪೆಟ್ಟಿಗೆಯ ಥರ್ಮಾಮೀಟರ್ ಒಡೆದುಹೋಗಿತ್ತು. ಹೊಸದನ್ನು ತರಲು ಕಳೆದ ವಾರ ನಿಮ್ಮ ಕಾಲೇಜಿನ ಊರಿಗೇ ಹೋಗಬೇಕಾಯಿತು. ನೀನಂತೂ ಅಲ್ಲಿಲ್ಲ, ಕಾಲೇಜಿನ ಕಡೆ ಹೋಗಲಿಲ್ಲ. ಬರುವಾಗ ಬಸ್ಸಿನಲ್ಲಿ ಥರ್ಮಾಮೀಟರನ್ನು ಎದೆಗೆ ಅವಚಿಕೊಂಡು ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಮನೆಯಲ್ಲಿ ಯಾರಿಗೆ ಜ್ವರ ಎಂದು ಕೇಳಿದರು. ಕೋಳಿಗೆ ಎಂದು ಹೇಳಿದರೆ ಎದ್ದು ಬೇರೆ ಸೀಟಿಗೆ ಹೋದಾರೆಂದು ಮಗುವಿಗೆ ಅಂದುಬಿಟ್ಟೆ. ಇಳಿಯುವವರೆಗೂ ಕಷಾಯ ಹೇಳಿಕೊಟ್ಟರು.

ಸಮಿತಿಯ ಸಭೆ ಮುಂದಕ್ಕೆ ಹೋಗಿದೆ. ಅವಸರವಿಲ್ಲ. ಬೇರೆ ಯಾರನ್ನೂ ಕೇಳುವುದಿಲ್ಲ, ನಿನ್ನ ಕಾಗದವೇ ಬೇಕು. ಆದರೆ ಅದು ಬರುವವರೆಗೆ ನನಗೆ ಬೇರೆ ಕಾಗದ ಬರೆಯುತ್ತಿರು. ಮಧ್ಯಾಹ್ನ ಯಾರ ಜೊತೆ ಉಣ್ಣುತ್ತೀಯ? ಆ ರಬ್ಬರ್ ಬೂಟು ಕಾಲಿಗೆ ಸರಿಯಾಗಿದೆಯೇ? ನಿನ್ನ ಕಾಲು ಚಿಕ್ಕದು, ನಮ್ಮ ತೋಟದ ಬೂಟಿನೊಳಗೆ ಹಳೆಯ ಬಟ್ಟೆ ತುರುಕಿಕೊಳ್ಳುತ್ತಿದ್ದೆ. ಬೆಳಕಿಗೆ ಹಿಡಿದಾಗ ಮೊಟ್ಟೆ ಇನ್ನೂ ನಮ್ಮಲ್ಲಿ ಕಂಡ ಹಾಗೇ ಕಾಣುತ್ತದೆಯೇ, ಕೆಂಪು ನೂಲೆಳೆಗಳ ಹಾಗೆ?

ನಿನ್ನ ಅಮ್ಮ ಹೊಲಿಗೆ ಅಂಗಡಿಯ ಬಾಗಿಲಲ್ಲಿ ಸಿಕ್ಕಿದ್ದರು. "ಓದ್ತಿದಾಳಾ ಟೀಚರ್?" ಎಂದು ಕೇಳಿದರು. ಅವಳ ಅಕ್ಷರ ಮೊದಲಿಗಿಂತ ದುಂಡಗಾಗಿದೆ ಎಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಾಯಿತು. ಆದರೂ ಅವರಿಗೆ ಸಂತೋಷವಾಯಿತು.

ನಿನ್ನ ಟೀಚರ್


ಅಕ್ಟೋಬರ್ 11

ಟೀಚರ್‌ಗೆ ನಮಸ್ಕಾರ.

ಬೂಟು ದೊಡ್ಡದು. ಬಟ್ಟೆ ತುರುಕಲು ಬಿಡುವುದಿಲ್ಲ, ಒಳಗೆ ಹೊರಗಿನ ಬಟ್ಟೆ ತರಬಾರದು. ಎರಡು ಕಾಲುಚೀಲ ಹಾಕಿಕೊಳ್ಳುತ್ತೇನೆ. ಮರಿಗಳನ್ನು ಡಬ್ಬಕ್ಕೆ ತುಂಬುವ ಅಕ್ಕ ಒಬ್ಬರಿದ್ದಾರೆ, ಅವರ ಜೊತೆ ಉಣ್ಣುತ್ತೇನೆ. ಅವರು ಜಾಸ್ತಿ ಮಾತಾಡುವುದಿಲ್ಲ. ನಾನೂ ಆಡುವುದಿಲ್ಲ. ಅದು ಇಬ್ಬರಿಗೂ ಸರಿಹೋಗಿದೆ.

ಮೊಟ್ಟೆ ಬೆಳಕಿಗೆ ಹಿಡಿಯುವ ಯಂತ್ರ ಬಂತು. ಸಾಲಾಗಿ ದೀಪ ಹಾಯಿಸಿ ತಾನೇ ಬೇರೆ ಬೇರೆ ಮಾಡುತ್ತದೆ. ಅದಕ್ಕೇ ನನ್ನನ್ನು ಮರಿ ತೆಗೆಯುವ ಕೋಣೆಗೆ ಹಾಕಿದರು. ಇಪ್ಪತ್ತೊಂದನೆಯ ದಿನ ಬೆಳಗ್ಗೆ ಗಾಡಿಗಳು ಹೊರಗೆ ಬರುತ್ತವೆ. ತಟ್ಟೆ ಎತ್ತಬೇಕು, ಮರಿಗಳನ್ನು ಓಡುವ ಪಟ್ಟಿಯ ಮೇಲೆ ಸುರಿಯಬೇಕು, ತಟ್ಟೆಯಲ್ಲಿ ಉಳಿದದ್ದನ್ನು ಕಸದ ತೊಟ್ಟಿಗೆ ಹಾಕಬೇಕು. ಉಳಿದದ್ದು ಅಂದರೆ ಒಡೆಯದ ಮೊಟ್ಟೆಗಳು. ಕೆಲವಕ್ಕೆ ತೂತು ಬಿದ್ದಿರುತ್ತದೆ. ಕೆಲವು ಒಳಗಿನಿಂದ ಕುಟ್ಟುತ್ತಿರುತ್ತವೆ.

ನಮ್ಮ ಮೇಲ್ವಿಚಾರಕರನ್ನು ಎಲ್ಲರೂ ಗಡಿಯಾರ ಅನ್ನುತ್ತಾರೆ. ಕೆಟ್ಟವರಲ್ಲ. ಮೊದಲ ದಿನ ನನ್ನ ಕೈ ತಟ್ಟೆಯ ಮೇಲೆ ನಿಂತಿದ್ದು ನೋಡಿ ಹತ್ತಿರ ಬಂದು ಮೆತ್ತಗೆ ಹೇಳಿದರು. "ಲೇಟಾಗಿ ಬಂದಿದ್ದು ಗಟ್ಟಿ ಇರಲ್ಲಮ್ಮ. ಗುಂಪಲ್ಲಿ ತುಳಿಸ್ಕೊಂಡು ಸಾಯತ್ತೆ. ಹೊರಗೆ ಲಾರಿ ಕಾಯ್ತಿದೆ." ಅವರು ಹೇಳಿದ್ದು ನಿಜವೇ ಇರಬೇಕು. ಇಲ್ಲಿ ಸೋಮಾರಿಗಳ ದಿನ ಇಲ್ಲ.

ಮೊದಲ ವಾರ ಪ್ರತಿ ತಟ್ಟೆಯ ಮೇಲೂ ಕೈ ನಿಲ್ಲುತ್ತಿತ್ತು. ಈಗ ನಿಲ್ಲುವುದಿಲ್ಲ. ಕೈ ತನ್ನ ಪಾಡಿಗೆ ಮಾಡುತ್ತದೆ, ನಾನು ಪಕ್ಕದಲ್ಲಿ ನಿಂತ ಹಾಗಿರುತ್ತೇನೆ. ಕೋಣೆಗೆ ಬಂದು ಉಂಡು ಮಲಗುತ್ತೇನೆ. ನಿದ್ದೆ ಬರುತ್ತದೆ. ಕನಸೂ ಇಲ್ಲ.

ಸಮಿತಿಯ ಕಾಗದಕ್ಕೆ ಕೂತಿದ್ದೆ. "ಹೈಸ್ಕೂಲಿನ ಕೃಷಿ ಶಿಕ್ಷಣ ನನ್ನನ್ನು" ಎಂದು ಬರೆದೆ. ಮುಂದೆ ಹೋಗಲಿಲ್ಲ.

ಚಿಪ್ಪಿ


ಅಕ್ಟೋಬರ್ 18

ಪ್ರೀತಿಯ ಚಿಪ್ಪಿ,

ನಾಲ್ಕು ಪದವಾದರೂ ಬರೆದೆಯಲ್ಲ. ಹನಿಗೂಡಿದರೆ ಹಳ್ಳ. ಹೀಗೇ ಬರೆದರೆ ನಾನು ನಿವೃತ್ತಳಾಗುವ ಹೊತ್ತಿಗೆ ಒಂದು ಪುಟವಾಗುತ್ತದೆ.

ಸಭೆ ಮತ್ತೆ ಮುಂದಕ್ಕೆ ಹೋಗಿದೆ. ಅಧ್ಯಕ್ಷರಿಗೆ ಹಲ್ಲುನೋವಂತೆ. ಹಾಗಾಗಿ ನೀನು ನಿಧಾನವಾಗಿಯೇ ಬರೆ, ಆದರೆ ಬರೆ. ಏನು ಬೇಕಾದರೂ ಬರೆ. ಹುರುಳಿಕಾಯಿ ಬಳ್ಳಿಗೆ ಕೋಲು ಕಟ್ಟಿದ್ದು ಬರೆ. ನೀನು ಎರೆಹುಳುಗಳಿಗೆ ಬಿಸಿಲು ತಾಗೀತೆಂದು ನಿನ್ನ ಕೊಡೆಯನ್ನು ಗೊಬ್ಬರದ ಗುಂಡಿಯ ಮೇಲೆ ಬಿಚ್ಚಿಟ್ಟು, ಸಂಜೆ ನೀನೇ ಮಳೆಯಲ್ಲಿ ನೆನೆದು ಮನೆಗೆ ಹೋದದ್ದು ಬರೆ. ಸಮಿತಿಯವರೂ ಸ್ವಲ್ಪ ನಗಲಿ.

ನಿಮ್ಮ ಗಡಿಯಾರದವರಿಗೆ ಹೇಳು, ಅವರ ಹೆಸರಿನ ಸಾಮಾನೊಂದು ನಮ್ಮ ಕೊಠಡಿಯ ಗೋಡೆಯಲ್ಲೂ ಇದೆ, ಅದು ನಿಂತು ಎರಡು ವರ್ಷವಾಯಿತು, ಮರಿಗಳು ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿವೆ ಎಂದು.

ಹೊಸ ಥರ್ಮಾಮೀಟರ್ ಚೆನ್ನಾಗಿದೆ. ಎರಡನೆಯ ಕಾವಿಗೆ ಮೊಟ್ಟೆ ಇಟ್ಟಿದ್ದೇವೆ. ಕರೆಂಟು ದಂಡ ಎಂದವಳೇ ಈಗ ಮೊಟ್ಟೆ ತಿರುಗಿಸುವ ಪಾಳಿಯ ಮುಖಂಡಳು, ಬೇರೆ ಯಾರನ್ನೂ ಮುಟ್ಟಲು ಬಿಡುವುದಿಲ್ಲ.

ಎರಡು ಕಾಲುಚೀಲದ ಮೇಲೆ ಬೂಟು ಹಾಕಿದರೆ ಬೆವರಿ ಕಾಲು ಕೆಡುತ್ತದೆ. ಚಿಕ್ಕ ಅಳತೆಯ ಬೂಟು ಕೇಳು, ಕೇಳಿದರೆ ಕೊಡುತ್ತಾರೆ.

ನಿನ್ನ ಟೀಚರ್


ನವೆಂಬರ್ 20

ಚಿಪ್ಪಿ,

ನಿನ್ನ ಉತ್ತರ ಬಂದಿಲ್ಲ. ಅಂಚೆಯವನನ್ನು ಗೇಟಿನಲ್ಲಿ ಅಡ್ಡಗಟ್ಟಿ ಕೇಳಿದೆ. ನಿಮಗೆ ಬರೋದೆಲ್ಲ ಬೀಜದ ಕಂಪನಿಯ ಕ್ಯಾಲೆಂಡರ್ ಮಾತ್ರ ಮೇಡಂ ಎಂದ.

ಸಭೆ ಇನ್ನೂ ಆಗಿಲ್ಲ. ನಿನ್ನ ಕಾಗದಕ್ಕೆ ಕಾಯುತ್ತಿದ್ದೇನೆ. ಸಮಿತಿಯದಲ್ಲದಿದ್ದರೆ ಬೇರೆ ಯಾವುದಾದರೂ ಸರಿ.

ಹಿಂದಿನ ಕಾಗದದಲ್ಲಿ ನಾನು ಹೆಚ್ಚು ಹರಟಿದೆನೇನೋ. ತೊಟ್ಟಿಯ ವಿಷಯ ನೀನು ಬರೆದಿದ್ದೆ. ಅದಕ್ಕೆ ನಾನು ಏನೂ ಹೇಳಲಿಲ್ಲ. ಏನು ಹೇಳಬೇಕೆಂದು ತೋಚದೆ ಹಲ್ಲುನೋವಿನ ಕಥೆ ಹೇಳಿದೆ.

ಟೀಚರ್


ಜನವರಿ 9

ಟೀಚರ್‌ಗೆ,

ಸೆಪ್ಟೆಂಬರಿನಿಂದ ನಿಮ್ಮ ಮೂರು ಕಾಗದ ಬಂದಿವೆ. ಮೂರನ್ನೂ ಮುಂದಿಟ್ಟುಕೊಂಡು ನೋಡಿದೆ. ನನ್ನ ಓದಿನ ಬಗ್ಗೆ ಒಂದು ಮಾತಿಲ್ಲ. ಪರೀಕ್ಷೆ ಹೇಗಾಯಿತು, ತರಬೇತಿ ಯಾವಾಗ ಮುಗಿಯುತ್ತದೆ, ಯಾವಾಗ ಕಾಲೇಜಿಗೆ ಹೋಗುತ್ತೀಯ, ಏನೂ ಇಲ್ಲ. ಬೂಟು, ಥರ್ಮಾಮೀಟರ್, ಸಭೆ. ನಿಮಗೆ ಬೇಕಾಗಿರುವುದು ಸಮಿತಿಯ ಕಾಗದ ಒಂದೇ ಎಂದು ಅರ್ಥವಾಯಿತು. ತಪ್ಪಲ್ಲ. ನಿಮ್ಮ ತರಗತಿ ಉಳಿಯಬೇಕು. ಇದೋ ಬರೆದಿದ್ದೇನೆ.

"ಆಡಳಿತ ಸಮಿತಿಯವರಿಗೆ,

ಹೈಸ್ಕೂಲಿನ ಕೃಷಿ ಶಿಕ್ಷಣ ನನ್ನನ್ನು ಕಾಲೇಜಿಗೆ ಸಿದ್ಧ ಮಾಡಲಿಲ್ಲ. ಮಣ್ಣನ್ನು ಹಿಡಿಯಲ್ಲಿ ಹಿಸುಕಿ ಅದರಲ್ಲಿ ನೀರು ಎಷ್ಟಿದೆ ಎಂದು ಹೇಳುವುದು ನನಗೆ ಗೊತ್ತಿತ್ತು. ಕಾಲೇಜಿನಲ್ಲಿ ಅದನ್ನು ಯಾರೂ ಕೇಳಲಿಲ್ಲ. ಮೊದಲ ಸೆಮಿಸ್ಟರ್ ಪೂರ್ತಿ ಮಣ್ಣು ಮುಟ್ಟಲಿಲ್ಲ, ಅದರ ಸೂತ್ರಗಳನ್ನು ಹಲಗೆಯಿಂದ ನಕಲು ಮಾಡಿದೆವು. ಪಾಠ ನನಗೆ ಅಭ್ಯಾಸವಿಲ್ಲದ ಭಾಷೆಯಲ್ಲಿ ನಡೆಯುತ್ತಿತ್ತು. ರಸಾಯನಶಾಸ್ತ್ರದಲ್ಲಿ ಫೇಲಾದೆ, ಸಂಖ್ಯಾಶಾಸ್ತ್ರದಲ್ಲಿ ಫೇಲಾದೆ. ಆಮೇಲೆ ತರಗತಿಗೆ ಹೋಗುವುದನ್ನು ಬಿಟ್ಟೆ. ಹಾಸ್ಟೆಲಿನ ಮಂಚದ ಮೇಲೆ ಕೂತು ಎದುರಿನ ಗೋಡೆ ನೋಡುತ್ತಿದ್ದೆ. ಒಂದು ದಿನ ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಟ್ಟೆ.

ಹ್ಯಾಚರಿಯಲ್ಲಿ ಕೆಲಸಕ್ಕೆ ಕೇಳಿದಾಗ ಒಂದು ತಟ್ಟೆ ಮೊಟ್ಟೆ ಮುಂದಿಟ್ಟರು. ಬೆಳಕಿಗೆ ಹಿಡಿದು ಬೇರೆ ಬೇರೆ ಮಾಡಿದೆ. ಅಂದೇ ಕೆಲಸ ಕೊಟ್ಟರು. ಆದ್ದರಿಂದ ಹೈಸ್ಕೂಲಿನ ಕೃಷಿ ಶಿಕ್ಷಣ ನನ್ನನ್ನು ಕೆಲಸಕ್ಕೆ ಸಿದ್ಧ ಮಾಡಿತು ಎಂದು ಹೇಳಬಹುದು. ಆದರೆ ಈ ಕೆಲಸಕ್ಕೆ ಬೇಡವಾದ ಇನ್ನೊಂದನ್ನೂ ಅದು ಕಲಿಸಿತ್ತು. ಅದನ್ನು ಮರೆಯಲು ನನಗೆ ಹತ್ತು ತಿಂಗಳು ಹಿಡಿಯಿತು."

ಬೇಕಾದರೆ ಕೆಲಸಕ್ಕೆ ಸಿದ್ಧ ಮಾಡಿತು ಎಂಬ ವಾಕ್ಯವೊಂದನ್ನೇ ಕತ್ತರಿಸಿಕೊಂಡು ಸಭೆಯಲ್ಲಿ ಓದಿ.

ಇದು ತರಬೇತಿ ಅಲ್ಲ ಟೀಚರ್. ಹೋದ ಫೆಬ್ರವರಿಯಲ್ಲೇ ಕಾಲೇಜು ಬಿಟ್ಟೆ. ಅಮ್ಮನಿಗೆ ಗೊತ್ತಿಲ್ಲ. ಅವಳು ಇನ್ನೂ ಕಾಲೇಜು ಹುಡುಗಿಗೆಂದು ಬಟ್ಟೆ ಹೊಲಿದಿಡುತ್ತಾಳೆ.

ಇನ್ನೊಂದು ಹೇಳಬೇಕು. ಹೋದ ವಾರ ತಟ್ಟೆಯಲ್ಲಿ ಒಂದು ಮೊಟ್ಟೆಗೆ ತೂತು ಬಿದ್ದಿತ್ತು, ಕೊಕ್ಕಿನ ತುದಿ ಕಾಣುತ್ತಿತ್ತು. ಯಾಕೋ ಅದನ್ನು ತೊಟ್ಟಿಗೆ ಹಾಕದೆ ಕೋಟಿನ ಜೇಬಿಗೆ ಹಾಕಿಕೊಂಡೆ. ಆಮೇಲೆ ಮರೆತೇಬಿಟ್ಟೆ. ಕೆಲಸ ಮುಗಿಸಿ ಕೋಟು ಬಿಚ್ಚುವಾಗ ಕೈಗೆ ಸಿಕ್ಕಿತು, ತಣ್ಣಗಾಗಿತ್ತು. ಕಸದ ಡಬ್ಬಕ್ಕೆ ಹಾಕಿ ಕೈ ತೊಳೆದು ಊಟಕ್ಕೆ ಹೋದೆ. ಅಕ್ಕ "ಯಾಕೆ ಒಂಥರಾ ಇದೀಯ" ಎಂದು ಕೇಳಿದರು. ಏನಿಲ್ಲ ಅಂದೆ. ನಿಜವಾಗಿಯೂ ಏನೂ ಇರಲಿಲ್ಲ. ಒಳಗೆ ಹುಡುಕಿ ನೋಡಿದೆ, ಏನೂ ಸಿಗಲಿಲ್ಲ. ನನಗೆ ಭಯವಾಗಿದ್ದು ಅದಕ್ಕೆ.

ಇನ್ನು ನನಗೆ ಬರೆಯದಿದ್ದರೂ ಪರವಾಗಿಲ್ಲ.

ಚಿಪ್ಪಿ


ಜನವರಿ 14

ಚಿಪ್ಪಿ,

ನಿನ್ನ ಕಾಗದ ಇವತ್ತು ಬಂತು. ಇವತ್ತೇ ಬರೆಯುತ್ತಿದ್ದೇನೆ. ಈ ಸಲ ಗಾದೆ ಇಲ್ಲ.

ಸೆಪ್ಟೆಂಬರಿನ ಕಾಗದದಲ್ಲಿ ನಾನು ಸುಳ್ಳು ಬರೆದಿದ್ದೆ. ಥರ್ಮಾಮೀಟರ್ ತರಲು ಹೋದವಳು ಕಾಲೇಜಿಗೂ ಹೋಗಿದ್ದೆ. ನಿನ್ನ ತರಬೇತಿ ಯಾವಾಗ ಮುಗಿಯುತ್ತದೆ ತಿಳಿದುಕೊಳ್ಳೋಣ ಎಂದು. ಶಾಲೆಯ ತೋಟದ ಟೊಮೇಟೊ ಒಂದು ಚೀಲ ಇತ್ತು, ನಿನ್ನ ಜೊತೆಯ ಹುಡುಗಿಯರಿಗೆ. ಹಾಸ್ಟೆಲಿನ ವಾರ್ಡನ್ "ಯಾವ ತರಬೇತಿ? ಆ ಹುಡುಗಿ ಬಿಟ್ಟುಹೋಗಿ ಆರು ತಿಂಗಳಾಯ್ತಲ್ಲ" ಎಂದರು. ಗೇಟಿನ ಬಳಿ ಸಿಮೆಂಟಿನ ಬೆಂಚಿದೆಯಲ್ಲ, ಅಲ್ಲಿ ಕೂತೆ. ಹುಡುಗಿಯರು ಪುಸ್ತಕ ಹಿಡಿದು ಬರುತ್ತ ಹೋಗುತ್ತ ಇದ್ದರು. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಟೊಮೇಟೊ ವಾರ್ಡನ್ನಿಗೇ ಕೊಟ್ಟು ಬಂದೆ.

ಹಾಗಾಗಿ ನನಗೆ ಗೊತ್ತಿತ್ತು. ಓದಿನ ಬಗ್ಗೆ ಕೇಳಿದರೆ ನೀನು ಇನ್ನೊಂದು ಸುಳ್ಳು ಕಟ್ಟಬೇಕಾಗುತ್ತಿತ್ತು. ಅದರ ಮೇಲೆ ಮತ್ತೊಂದು. ಕೊನೆಗೆ ನನಗೆ ಬರೆಯುವುದನ್ನೇ ಬಿಡುತ್ತೀಯ ಎಂದು ಹೆದರಿ ಕೇಳಲಿಲ್ಲ. ಅದು ನಿನಗೆ ಉದಾಸೀನದ ಹಾಗೆ ಕಂಡಿತು. ನನಗೆ ಅದು ಹೊಳೆಯಲೇ ಇಲ್ಲ, ಬುದ್ಧಿವಂತಳಾಗಿಬಿಟ್ಟೆ ಅಂದುಕೊಂಡಿದ್ದೆ.

ಸಭೆಯ ವಿಷಯವೂ ಸುಳ್ಳೇ. ಅದು ಜುಲೈ ಕೊನೆಯಲ್ಲೇ ಮುಗಿದುಹೋಯಿತು. ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ತೀರ್ಮಾನ ಮಾಡಿದರು. ಈ ವರ್ಷದ ಮಕ್ಕಳು ಮುಗಿಸುವವರೆಗೆ ತರಗತಿ ಇರುತ್ತದೆ, ಆಮೇಲೆ ಇಲ್ಲ. ನನ್ನನ್ನು ಗ್ರಂಥಾಲಯಕ್ಕೆ ಹಾಕುತ್ತಾರೆ. ನಿನ್ನ ಕಾಗದ ಆಗಲೇ ಬಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ, ಅದನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ. ಆದರೂ ನಿನ್ನಿಂದ ಕಾಗದ ಕೇಳುತ್ತಲೇ ಇದ್ದೆ. ನೀನು ನನಗೆ ಬರೆಯಲು ಏನಾದರೂ ನೆಪ ಬೇಕಿತ್ತು. ಅಧ್ಯಕ್ಷರ ಹಲ್ಲು ಚೆನ್ನಾಗಿಯೇ ಇದೆ.

ನೀನು ಬರೆದದ್ದನ್ನು ಯಾರಿಗೂ ಓದುವುದಿಲ್ಲ. ಅದು ನನಗೆ ಬಂದ ಉತ್ತರ. ಕಾಲೇಜಿಗೆ ಬೇಕಾದ್ದನ್ನು ನಾನು ಕಲಿಸಲಿಲ್ಲ ಎಂಬುದು ನಿಜ. ರಸಾಯನಶಾಸ್ತ್ರದ ಪಾಠ ಬಂದಾಗಲೆಲ್ಲ ನಡೀರಿ ತೋಟಕ್ಕೆ ಅನ್ನುತ್ತಿದ್ದೆ. ನಿಮಗೂ ಖುಷಿ, ನನಗೂ ಖುಷಿ. ನನ್ನ ಕೋಳಿ ಕೂಗಿಯೇ ಬೆಳಗಾಗುವುದು ಅಂದುಕೊಂಡಿದ್ದ ಮುದುಕಿ ನಾನು. ನೋಡು, ಗಾದೆ ಬಂದೇಬಿಟ್ಟಿತು.

ಸೋಮಾರಿಗಳ ದಿನದ ಬಗ್ಗೆಯೂ ಹೇಳಿಬಿಡುತ್ತೇನೆ. ಹೆಚ್ಚಿನ ವರ್ಷ ಆ ದಿನ ಏನೂ ಬರುತ್ತಿರಲಿಲ್ಲ. ನೀವೆಲ್ಲ ಮನೆಗೆ ಹೋದ ಮೇಲೆ ಆ ಮೊಟ್ಟೆಗಳನ್ನು ನಾನೇ ಗೊಬ್ಬರದ ಗುಂಡಿಗೆ ಹಾಕುತ್ತಿದ್ದೆ. ನೀನು ಕಂಡ ಮರಿ ಅಪರೂಪದ್ದು. ನಿಮ್ಮ ಗಡಿಯಾರದವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಅದು ಗೊತ್ತಿದ್ದೂ ಪ್ರತಿ ಸಲ ಪೆಟ್ಟಿಗೆ ಆರಿಸದೆ ಬಿಡುತ್ತಿದ್ದೆ. ಯಾಕೆ ಎಂದರೆ ನನಗೂ ಹೇಳಲು ಬರುವುದಿಲ್ಲ. ಆರಿಸಲು ಮನಸ್ಸು ಬರುತ್ತಿರಲಿಲ್ಲ, ಅಷ್ಟೇ.

ವಾರ್ಡನ್ ಸಿಕ್ಕ ದಿನ ಕಾಲೇಜಿನ ಕಚೇರಿಗೂ ಹೋಗಿದ್ದೆ. ನಿನ್ನ ಹೆಸರು ತೆಗೆದುಹಾಕಬೇಡಿ ಎಂದು ಗುಮಾಸ್ತರನ್ನು ಕೇಳಿಕೊಂಡೆ. ಅವರು ತಲೆ ಎತ್ತದೆಯೇ ಹೇಳಿದರು. "ಒಂದು ವರ್ಷ ಹೆಸರು ಇದ್ದೇ ಇರತ್ತೆ ಮೇಡಂ. ನಾವು ತೆಗೆಯೋದೂ ಇಲ್ಲ, ಕರೆಯೋದೂ ಇಲ್ಲ. ಅವಳು ಬರಬೇಕು, ಅಷ್ಟೆ." ಫೇಲಾದ ವಿಷಯಗಳನ್ನು ಮುಂದಿನ ತಂಡದವರ ಜೊತೆ ಬರೆಯಬಹುದಂತೆ. ಫೆಬ್ರವರಿ ಮೊದಲ ವಾರ ಮುಗಿದರೆ ಹೆಸರು ಹೋಗುತ್ತದೆ.

ಹೋಗು ಎಂದು ನಾನು ಹೇಳುವುದಿಲ್ಲ. ನೀನು ಹ್ಯಾಚರಿಯಲ್ಲೇ ಇದ್ದರೂ ನನ್ನ ಚಿಪ್ಪಿಯೇ. ಆದರೆ ಏನೂ ಅನ್ನಿಸುವುದಿಲ್ಲ ಎಂದು ಬರೆದೆಯಲ್ಲ, ಅದನ್ನು ಓದಿ ನನಗೆ ತುಂಬ ಸಂಕಟವಾಯಿತು. ಪೆಟ್ಟಿಗೆ ಇನ್ನೂ ಆರಿಸಿಲ್ಲ. ಅದನ್ನು ತಿಳಿಸಲು ಈ ಕಾಗದ.

ಟೀಚರ್


ಏಪ್ರಿಲ್ 3

ಟೀಚರ್‌ಗೆ ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನಾದರೂ ಆಗಲಿ ಎಂದು ಕಾದೆ. ಏನೂ ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಳಾಸ ನೋಡಿರುತ್ತೀರಿ. ಹಳೆಯ ಹಾಸ್ಟೆಲ್ಲೇ, ಕೋಣೆ ಬೇರೆ. ಕೊನೆಯ ದಿನ ಬಂದೆ, ಕಚೇರಿ ಮುಚ್ಚುವ ಹೊತ್ತಿಗೆ. ಗುಮಾಸ್ತರು ಗಡಿಯಾರ ನೋಡಿ "ನಾಳೆ ಬಂದಿದ್ರೆ ಆಗ್ತಿರಲಿಲ್ಲ" ಎಂದು ಮುದ್ರೆ ಒತ್ತಿದರು. ವಾರ್ಡನ್ ನಿಮ್ಮ ಟೊಮೇಟೊವನ್ನು ಈಗಲೂ ನೆನೆಸಿಕೊಳ್ಳುತ್ತಾರೆ.

ಕೆಲಸ ಬಿಡುತ್ತೇನೆ ಎಂದಾಗ ನಮ್ಮ ಮೇಲ್ವಿಚಾರಕರು ಯಾಕೆ ಎಂದು ಕೇಳಲಿಲ್ಲ. ಬೂಟು ವಾಪಸು ಕೊಡುವಾಗ ಅಡಿ ತಿರುಗಿಸಿ ಅಳತೆ ನೋಡಿ, "ದೊಡ್ಡದಿತ್ತಲ್ಲ, ಹೇಳ್ಬಾರದಾಗಿತ್ತಾ" ಅಂದರು. ಅಕ್ಕ ಬಸ್ಸಿನವರೆಗೆ ಬಂದರು.

ಮೊದಲು ಮನೆಗೆ ಹೋಗಿದ್ದೆ. ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. ತೋಳಿನ ಹೊಲಿಗೆ ಕೊನೆಯವರೆಗೂ ಓಡಿಸಿ, ದಾರ ಕತ್ತರಿಸಿ, ಬಟ್ಟೆ ಮಡಚಿಟ್ಟಳು. ಬೈಯುತ್ತಾಳೆ ಅಂದುಕೊಂಡೆ. "ನಾಳೆ ಬಸ್ಸು ಎಷ್ಟು ಹೊತ್ತಿಗೆ?" ಎಂದು ಕೇಳಿದಳು. ಆಮೇಲೆ ನಿಮ್ಮ ಬಗ್ಗೆ, "ಅಕ್ಷರ ದುಂಡಗಿದೆ ಅಂದಾಗ್ಲೇ ನಂಗೆ ಅನುಮಾನ ಬಂದಿತ್ತು" ಅಂದಳು.

ಶಾಲೆಯ ಮುಂದೆ ಹಾದುಹೋದೆ. ಬೆಳಗಿನ ಪ್ರಾರ್ಥನೆ ನಡೆಯುತ್ತಿತ್ತು, ಒಳಗೆ ಬರಲಿಲ್ಲ. ಬಂದಿದ್ದರೆ ಏನು ಮಾತಾಡಬೇಕು ಎಂದು ಗೊತ್ತಾಗಲಿಲ್ಲ.

ಸಂತೋಷವಾಗಿದ್ದೀಯಾ ಎಂದು ಕೇಳಬೇಡಿ. ಇನ್ನೂ ಗೊತ್ತಾಗುತ್ತಿಲ್ಲ. ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಜೊತೆಯವರೆಲ್ಲ ನನಗಿಂತ ಚಿಕ್ಕವರು, ಅಕ್ಕ ಅನ್ನುತ್ತಾರೆ. ರಸಾಯನಶಾಸ್ತ್ರ ಇನ್ನೂ ರಸಾಯನಶಾಸ್ತ್ರವೇ. ಒಂದು ಪುಟ ಅರ್ಥವಾಗಲು ಮೂರು ಸಲ ಓದಬೇಕು. ಓದುತ್ತೇನೆ. ಕೆಲವು ಬೆಳಗ್ಗೆ ಏಳಲು ಮನಸ್ಸಾಗುವುದಿಲ್ಲ. ಎದ್ದು ಹೋಗುತ್ತೇನೆ.

ನಿಮ್ಮ ಕೊಠಡಿಗೆ ಆಗಲೇ ಸುಣ್ಣ ಹೊಡೆದಿದ್ದಾರಂತೆ, ಗೋಡೆಯ ಮೇಲಿದ್ದ "ಕೈ ಕೆಸರಾದರೆ ಬಾಯಿ ಮೊಸರು" ಎಂಬ ಬರಹ ಹೋಯಿತಂತೆ. ಅಮ್ಮ ಬರೆದಿದ್ದಳು. ಕಾವು ಪೆಟ್ಟಿಗೆ ಏನಾಯಿತು ಎಂದು ಕೇಳಬೇಕೆನ್ನಿಸಿತು. ಹೇಳಬೇಡಿ.

ಹೋದ ವಾರ ಕೋಳಿ ಸಾಕಣೆಯ ಕಿರು ಪರೀಕ್ಷೆ ಇತ್ತು. ಒಂದು ಪ್ರಶ್ನೆ, ಇಪ್ಪತ್ತೊಂದನೆಯ ದಿನ ಮರಿ ತೆಗೆದ ಮೇಲೆ ಒಡೆಯದೆ ಉಳಿದ ಮೊಟ್ಟೆಗಳನ್ನು ಏನು ಮಾಡಬೇಕು. ಒಂದು ಅಂಕ. ಎಲ್ಲರೂ ವಿಲೇವಾರಿ ಮಾಡಬೇಕು ಎಂದು ಬರೆದರು. ನಾನು ಒಂದು ದಿನ ಬಿಡಬೇಕು ಎಂದು ಬರೆದೆ. ಅಧ್ಯಾಪಕರು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿ, ಪಕ್ಕದಲ್ಲಿ ಪಾಠ ಓದಿಲ್ಲ ಎಂದು ಬರೆದಿದ್ದಾರೆ. ಅಂಕ ಹೋಯಿತು.

ಪಾಠ ಓದಿದ್ದೆ ಟೀಚರ್. ಸರಿಯುತ್ತರ ನನಗೆ ಗೊತ್ತಿತ್ತು.

ನಿಮ್ಮ,
ಚಿಪ್ಪಿ